ನಿಮಗಿದು ಗೊತ್ತೇ? ಭಾನುವಾರದ ಬೆಂಗಳೂರು, ಬೆನ್ನು ಬಿಡದ ಪ್ರಶ್ನೆಗಳು

ಮಕ್ಕಳನ್ನು ಊರು ಸುತ್ತಿಸುವುದು ಸುಲಭ. ಸುತ್ತುವಾಗ ಅವರು ಕೇಳುವುದಕ್ಕೆ ಉತ್ತರ ಹೇಳುವುದಿದೆಯಲ್ಲ, ಅದು ಕಷ್ಟ. ಲಾಲ್‌ಬಾಗಿನ ಬಂಡೆ ಹತ್ತುತ್ತ ಅಣ್ಣನ ಮಗಳು, ‘ಚಿಕ್ಕಪ್ಪ, ಇಷ್ಟು ದೊಡ್ಡ ಕಲ್ಲನ್ನ ಯಾರು ತಂದಿಟ್ರು?’ ಅಂದಳು. ‘ಅಲ್ಲಿ ನೋಡು, ಮಾವಿನಕಾಯಿ ಗಾಡಿ’ ಎಂದು ಮಾತು ಮರೆಸಿದೆ. ಉಪ್ಪು ಖಾರ ಸವರಿದ ಮಾವಿನಕಾಯಿ ಮುಗಿಯುವಷ್ಟರಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಆ ದಿನದ ಮುಖಭಂಗದಿಂದ ಹುಟ್ಟಿದ ಪಟ್ಟಿ ಇದು. ನೀರಿನ ಬಾಟಲಿ, ಬುತ್ತಿಯ ಡಬ್ಬಿಯ ಜೊತೆ ಇದನ್ನೂ ಚೀಲಕ್ಕೆ ಸೇರಿಸಿಕೊಳ್ಳಿ.

◆ ಬಂಡೆಯನ್ನು ಯಾರೂ ತಂದಿಡಲಿಲ್ಲ. ಅದೇ ಮೊದಲು ಇದ್ದದ್ದು, ಉಳಿದದ್ದೆಲ್ಲ ಆಮೇಲೆ ಬಂತು. ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ‘ಪೆನಿನ್ಸುಲಾರ್ ನೈಸ್’ ಎಂಬ ಈ ಶಿಲೆಗೆ ಆ ಹೆಸರು ಕೊಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್, 1916ರಲ್ಲಿ. ಈಗ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಳಗಿನ ವಾಕಿಂಗ್‌ಗೆ ಬರುವವರು ಬೆನ್ನು ಚಾಚಿಕೊಳ್ಳುವ ಜಾಗವೂ ಹೌದು.

◆ 300 ಕೋಟಿ ಎಂದರೆ ಮಕ್ಕಳಿಗೇನು, ನಮಗೂ ತಲೆಗೆ ಹತ್ತುವುದಿಲ್ಲ. ಹೀಗೆ ಹೇಳಿ ನೋಡಿ: ಈ ಬಂಡೆ ನೂರು ವರ್ಷದ ಮುತ್ತಜ್ಜಿ ಎಂದಿಟ್ಟುಕೊಳ್ಳೋಣ. ಆಗ ಡೈನೋಸಾರ್‌ಗಳು ಭೂಮಿ ಬಿಟ್ಟು ಹೋಗಿ ಎರಡು ವರ್ಷ ಚಿಲ್ಲರೆ ಆಯಿತು. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿ ಹತ್ತು ನಿಮಿಷವೂ ಆಗಿಲ್ಲ. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರು ಮಾಡಿ ಐದು ನಿಮಿಷ ತುಂಬಿಲ್ಲ. ಈ ಲೆಕ್ಕದಲ್ಲಿ ನಮ್ಮ ಒಂದು ವರ್ಷ ಅಜ್ಜಿಗೆ ಸರಿಸುಮಾರು ಒಂದು ಸೆಕೆಂಡು. ‘ಹಾಗಾದ್ರೆ ನಂಗೆ ಏಳು ಸೆಕೆಂಡು’ ಎಂದು ಅಣ್ಣನ ಮಗಳು ಬಂಡೆಯ ಮೇಲೆ ಕುಣಿದಳು. ಚಿಕ್ಕಪ್ಪನ ವಯಸ್ಸು ಇನ್ನೂ ನಿಮಿಷದೊಳಗೇ ಇದೆ ಎನ್ನುವುದು ನನಗೂ ಸಮಾಧಾನ ಕೊಟ್ಟಿತು.

◆ ಅದೇ ಲಾಲ್‌ಬಾಗ್‌ನಲ್ಲಿ ಕಲ್ಲಾಗಿಹೋದ ಮರವೊಂದಿದೆ, ನೋಡಿದ್ದೀರಾ? ಸುಮಾರು 2 ಕೋಟಿ ವರ್ಷ ಹಳೆಯ ಮರದ ಪಳೆಯುಳಿಕೆ. ತಮಿಳುನಾಡಿನ ತಿರುವಕ್ಕರೈನಿಂದ ಬಂದದ್ದು. ಮಣ್ಣಿನಡಿ ಹೂತ ಮರದೊಳಗೆ ನೀರು ಇಳಿದು, ಅದರಲ್ಲಿದ್ದ ಖನಿಜಗಳು ಮರದ ಕಣಗಳ ಜಾಗವನ್ನು ಒಂದೊಂದಾಗಿ ಹಿಡಿದರೆ ಹೀಗಾಗುತ್ತದೆ. ನೋಡಿದರೆ ಸೌದೆ, ಮುಟ್ಟಿದರೆ ಕಲ್ಲು.

◆ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಇಟ್ಟವರು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಎರಕದ ಕಬ್ಬಿಣದ ಕಂಬ, ಕಮಾನುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್. ಆ ಕ್ರಿಸ್ಟಲ್ ಪ್ಯಾಲೆಸ್ 1936ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅಸಲು ಹೋಗಿ ನಕಲು ಉಳಿಯಿತು. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ ನಡೆಯುವುದು ಇದರೊಳಗೇ. ಎಳೆ ಮಕ್ಕಳಿದ್ದರೆ ಪ್ರದರ್ಶನದ ಭಾನುವಾರ ಮಾತ್ರ ಬೇಡ. ಹೂವಿಗಿಂತ ಹೆಚ್ಚಾಗಿ ಮುಂದಿನವರ ಬೆನ್ನನ್ನೇ ನೋಡಿಕೊಂಡು ಬರಬೇಕಾಗುತ್ತದೆ.

◆ ಲಾಲ್‌ಬಾಗಿನ ಹೂಗಡಿಯಾರ ಎಚ್‌ಎಂಟಿ ಕಂಪನಿಯದು, 1983ರದು. ಅಜ್ಜನ ಕೈಯಲ್ಲಿ ಹಳೇ ಎಚ್‌ಎಂಟಿ ವಾಚ್ ಇದ್ದರೆ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ತೋರಿಸಿ. ಚಿಕ್ಕ ಗಡಿಯಾರದ ದೊಡ್ಡ ಅಣ್ಣ.

◆ ಬಂಡೆಯ ನೆತ್ತಿಯ ಮೇಲಿರುವ ಪುಟ್ಟ ಗೋಪುರಕ್ಕೆ ಮೂವರು ಒಡಹುಟ್ಟಿದವರಿದ್ದಾರೆ: ಕೆಂಪಾಂಬುಧಿ ಕೆರೆಯ ಬಳಿ ಒಂದು, ಹಲಸೂರು ಕೆರೆಯ ಬಳಿ ಒಂದು, ಮೇಖ್ರಿ ಸರ್ಕಲ್ ಹತ್ತಿರ ಇನ್ನೊಂದು. ಒಂದು ಕಾಲಕ್ಕೆ ಇವು ನಾಲ್ಕು ದಿಕ್ಕಿನ ಗಡಿ ಗೋಪುರಗಳು. ಈಗ ನಾಲ್ಕೂ ಊರಿನ ನಟ್ಟನಡುವೆ ಸಿಕ್ಕಿಕೊಂಡಿವೆ. ಒಂದೇ ದಿನದಲ್ಲಿ ನಾಲ್ಕನ್ನೂ ಮುಟ್ಟಿ ಬರುವ ಆಟ ಆಡಬಹುದು. ಬೆಳಿಗ್ಗೆ ಆರಕ್ಕೆ ಹೊರಡಿ, ಪೇಟೆಯ ನಕಾಶೆ ಮಗುವಿನ ಕೈಗೇ ಕೊಡಿ. ಎಂಟು ಗಂಟೆಯ ಮೇಲೆ ಹೊರಟರೆ ಆಟ ನಿಮ್ಮದಲ್ಲ, ಟ್ರಾಫಿಕ್ಕಿನದು.

◆ ಹಸಿವಾಯಿತೇ? ಲಾಲ್‌ಬಾಗ್ ರಸ್ತೆಯ ಎಂಟಿಆರ್ ಶುರುವಾದದ್ದು 1924ರಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ. ರವೆ ಇಡ್ಲಿ ಹುಟ್ಟಿದ ಕತೆ ಅದು. ಇಡ್ಲಿ ತಿನ್ನಲು ಹಟ ಮಾಡುವ ಮಗುವಿಗೆ ‘ಇದು ಯುದ್ಧದಲ್ಲಿ ಹುಟ್ಟಿದ ಇಡ್ಲಿ’ ಎಂದು ಹೇಳಿ. ನಮ್ಮ ಮನೆಯಲ್ಲಂತೂ ಕೆಲಸ ಮಾಡಿದೆ.

◆ ಬಸವನಗುಡಿಯ ದೊಡ್ಡ ಬಸವಣ್ಣನ ತಲೆಯ ಮೇಲೆ ತ್ರಿಶೂಲ ಏಕಿದೆ ಗೊತ್ತೇ? ಕತೆ ಹೀಗಿದೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಕಡೆಯ ಕಡಲೆಕಾಯಿ ಹೊಲಕ್ಕೆ ರಾತ್ರಿ ಹೊತ್ತು ಗೂಳಿಯೊಂದು ನುಗ್ಗುತ್ತಿತ್ತು. ಕಾದು ಕುಳಿತ ರೈತ ದೊಣ್ಣೆಯಿಂದ ಬಡಿದ. ಗೂಳಿ ಅಲ್ಲೇ ಕಲ್ಲಾಯಿತು. ಅಷ್ಟಕ್ಕೇ ಮುಗಿಯಲಿಲ್ಲ, ಕಲ್ಲು ಬೆಳೆಯತೊಡಗಿತು! ಬೆಳೆಯುವುದನ್ನು ನಿಲ್ಲಿಸಲು ತಲೆಗೆ ತ್ರಿಶೂಲ ನೆಟ್ಟರು. ಈಗ ಬಸವಣ್ಣನ ಎತ್ತರ ಸುಮಾರು 4.5 ಮೀಟರ್, ಉದ್ದ ಸುಮಾರು 6.5 ಮೀಟರ್. ವರ್ಷದ ಮೊದಲ ಕಡಲೆಕಾಯಿ ಅವನಿಗೇ ಎಂಬ ಹರಕೆಯೇ ಕಡಲೆಕಾಯಿ ಪರಿಷೆಯಾಯಿತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಅದರ ದಿನ.

ಪರಿಷೆಯಲ್ಲಿ ಒಂದು ಸೇರು ಕೊಂಡು ಗೋಣಿಚೀಲದ ಪಕ್ಕ ಕುಳಿತು ಸಿಪ್ಪೆ ಬಿಡಿಸುವಾಗ ಮಕ್ಕಳಿಗೆ ಇನ್ನೆರಡು ಮಾತು ಹೇಳಬಹುದು. ಒಂದು, ಕಡಲೆ ಗಿಡ ಹೂ ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂವು ಉದುರಿದ ಮೇಲೆ ಅದರ ಬುಡದಿಂದ ಒಂದು ಎಳೆ ಹೊರಟು, ತಲೆ ಬಗ್ಗಿಸಿ, ಮಣ್ಣು ಹೊಕ್ಕು, ತುದಿಯಲ್ಲಿ ಕಾಯಾಗುತ್ತದೆ. ಹೀಗಾಗಿ ಬೇರಿನಲ್ಲಿ ಬಿಡುವ ಗೆಡ್ಡೆ ಅದಲ್ಲ. ಎರಡು, ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಸಮುದ್ರ ದಾಟಿ ನಮ್ಮ ಕಡೆ ಬಂದದ್ದು ಯುರೋಪಿನವರ ಹಡಗುಗಳು ಓಡಾಡತೊಡಗಿದ ಮೇಲೆ. ಹಾಗಿದ್ದರೆ ಗೂಳಿಯ ಕತೆ ಎಷ್ಟು ಹಳೆಯದಿರಬಹುದು? ಈ ಲೆಕ್ಕ ಹೈಸ್ಕೂಲಿನ ಮಕ್ಕಳಿಗೆ ಬಿಡಿ. ಬಸವಣ್ಣ ಬೇಸರ ಮಾಡಿಕೊಳ್ಳುವುದಿಲ್ಲ.

◆ ವೃಷಭಾವತಿ ಹುಟ್ಟುವುದು ಇದೇ ಬಸವಣ್ಣನ ಪಾದದಲ್ಲಿ ಎಂಬುದು ನಂಬಿಕೆ. ಹೆಸರು ಬಂದದ್ದೂ ಅಲ್ಲಿಂದಲೇ. ಮುಂದೆ ಮೈಸೂರು ರಸ್ತೆಯ ಬದಿ ಅದೇ ನದಿಯ ವಾಸನೆ ಬಂದಾಗ ಮಕ್ಕಳು ಮೂಗು ಮುಚ್ಚಿಕೊಂಡು ಕೇಳುವ ಪ್ರಶ್ನೆಗೆ ಮಾತ್ರ ನನ್ನ ಪಟ್ಟಿಯಲ್ಲಿ ಉತ್ತರವಿಲ್ಲ.

◆ ನಮ್ಮ ಮೆಟ್ರೊ ಓಡಲು ಶುರುವಾದದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ. ಇದು ದೊಡ್ಡವರಿಗೆ. ಮಕ್ಕಳಿಗೆ ಬೇಕಾದದ್ದು ಬೇರೆ: ನೆಲದಡಿ ಸುರಂಗ ಕೊರೆದ ಯಂತ್ರಗಳಿಗೆಲ್ಲ ಹೆಸರಿದೆ! ಮೊದಲ ಹಂತದಲ್ಲಿ ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ. ಆಮೇಲೆ ಬಂದವರು ಊರ್ಜಾ, ವಿಂಧ್ಯಾ, ರುದ್ರ, ತುಂಗಾ, ಭದ್ರಾ ಮೊದಲಾದವರು. ಮೆಜೆಸ್ಟಿಕ್‌ನಲ್ಲಿ ಇಳಿದಾಗ ‘ಈ ಬಿಲ ತೋಡಿದ್ದು ಯಾರು?’ ಎಂದರೆ ಇನ್ನು ತಡವರಿಸಬೇಕಿಲ್ಲ. ಅಂದ ಹಾಗೆ, ಮೂರು ಅಡಿಗಿಂತ ಗಿಡ್ಡಗಿರುವ ಮಗುವಿಗೆ ದೊಡ್ಡವರ ಜೊತೆ ಮೆಟ್ರೊ ಟಿಕೆಟ್ ಬೇಡ. ಕಿಟಕಿಯ ಪಕ್ಕ ನಿಲ್ಲಿಸಿದರೆ ಸಾಕು, ಬೇರೆ ಆಟಿಕೆ ಬೇಡ.

◆ ಕಬ್ಬನ್ ಪಾರ್ಕಿಗೆ ಮೂರು ಹೆಸರು. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದಾಗ ಅದು ಮೀಡ್ ಪಾರ್ಕ್. ಆಮೇಲೆ ಕಬ್ಬನ್ ಪಾರ್ಕ್. 1927ರಿಂದ ಕಾಗದಪತ್ರದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಆಟೋದವರ ಬಳಿ ಮೂರನೇ ಹೆಸರು ಹೇಳಿ ನೋಡಿ, ಅವರ ಮುಖ ನೋಡುವುದೇ ಒಂದು ಮನರಂಜನೆ. ಇನ್ನೊಂದು ಸಂಗತಿ: ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಈ ಉದ್ಯಾನವನ್ನು ಕಣ್ಣಾರೆ ಕಂಡವರೇ ಅಲ್ಲ. 1861ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡರು. ಉದ್ಯಾನ ಹುಟ್ಟಿದ್ದು ಅದಾಗಿ ಒಂಬತ್ತು ವರ್ಷಕ್ಕೆ.

◆ ಅದೇ ಪಾರ್ಕಿನ ಬಾಲಭವನದ ಪುಟಾಣಿ ರೈಲಿನಲ್ಲಿ ಕೂತವರು ಈಗ ತಮ್ಮ ಮೊಮ್ಮಕ್ಕಳನ್ನು ಕೂರಿಸುತ್ತಿದ್ದಾರೆ. ರೈಲಿನಿಂದ ಇಳಿದ ಮೇಲೆ ಹತ್ತು ಹೆಜ್ಜೆ ಹೆಚ್ಚು ನಡೆಯಿರಿ, ಮಕ್ಕಳಿಗೆಂದೇ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯ ಇಲ್ಲಿದೆ. ರೈಲಿಗೆ ಸಾಲು, ಪುಸ್ತಕಕ್ಕೆ ಖಾಲಿ ಕುರ್ಚಿ. ಇದರಲ್ಲಿ ಮಕ್ಕಳ ತಪ್ಪೇನಿಲ್ಲ, ಗ್ರಂಥಾಲಯ ಇದೆ ಎಂದು ಅವರಿಗೆ ನಾವು ಹೇಳಿದ್ದರೆ ತಾನೇ.

◆ ಮಳೆಮರದ ಎಲೆ ಸಂಜೆಗೆ ಮಲಗುತ್ತದೆ, ನೋಡಿದ್ದೀರಾ? ಇಳಿಹೊತ್ತಿಗೆ ಕಬ್ಬನ್ ಪಾರ್ಕಿನಲ್ಲಿ ಈ ಮರದ ಕೆಳಗೆ ನಿಂತು ತಲೆ ಎತ್ತಿ. ಬೆಳಕು ಕುಗ್ಗಿದಂತೆ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಮೋಡ ಕವಿದಾಗಲೂ ಅಷ್ಟೆ. ಮಳೆಮರದ ಮೂಲ ಅಮೆರಿಕ ಖಂಡದ ಬಿಸಿ ಪ್ರದೇಶ, ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಂಡ ದಕ್ಷಿಣ ಅಮೆರಿಕದ್ದು. ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಶುರುವಾಗಬೇಕು, ಊರು ವರ್ಷವಿಡೀ ಹೂವಿನಲ್ಲಿರಬೇಕು ಎಂದು ಯೋಚಿಸಿ ಬೀದಿ ಬೀದಿಗೆ ಮರ ನೆಡಿಸಿದವರು ಜರ್ಮನಿಯಿಂದ ಬಂದ ಜಿ.ಎಚ್. ಕ್ರುಂಬಿಗಲ್. ಬಂದವರು ವಾಪಸು ಹೋಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ತಿಂಗಳಿಗೊಂದು ಮರ ಗುರುತು ಹಿಡಿಯುವ ಆಟ ಶುರು ಮಾಡಿ, ಡಿಸೆಂಬರ್ ಹೊತ್ತಿಗೆ ಮಗು ನಿಮಗೇ ಪಾಠ ಹೇಳುತ್ತದೆ.

◆ ಸಾವಿರ ವರ್ಷದ ಹಿಂದೆ ನಾಯಿಯೊಂದಕ್ಕೆ ನಮ್ಮವರು ವೀರಗಲ್ಲು ನಿಲ್ಲಿಸಿದ್ದರು! ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಕ್ರಿ.ಶ. 949ರ ಸುಮಾರು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳರನ್ನು ಸೋಲಿಸಿದರು. ಬೂತುಗನ ಕಡೆ ಮಣಲೇರ ಎಂಬ ವೀರ ಮೆಚ್ಚುವಂತೆ ಕಾದಾಡಿದ. ‘ಏನು ಬೇಕೋ ಕೇಳು’ ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಮದ್ದೂರು ಸೀಮೆಯ ಆತಕೂರಿನಲ್ಲಿ ಕಲ್ಲು ನೆಡಿಸಿದ, ಅದರ ಪೂಜೆಗೆಂದು ಭೂಮಿ ಬಿಡಿಸಿದ. ನಾಯಿ, ಹಂದಿ ಎದುರುಬದುರು ಬಿದ್ದು ಕಚ್ಚಾಡುವ ಚಿತ್ರ ಕಲ್ಲಿನ ಮೇಲಿದೆ, ಸುತ್ತ ಹಳೆಗನ್ನಡದ ಬರಹ. ಆ ಕಲ್ಲು ಇರುವುದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. 1865ರಲ್ಲಿ ಶುರುವಾದ ಈ ಕೆಂಪು ಕಟ್ಟಡದ ಸಂಗ್ರಹಾಲಯ ಆ ದಿನ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಮನೆಯಲ್ಲಿ ನಾಯಿ ಇರುವ ಮಕ್ಕಳು ಆ ಕಲ್ಲಿನ ಮುಂದಿನಿಂದ ಬೇಗ ಕದಲುವುದಿಲ್ಲ. ‘ಕಾಳಿಗೆ ಯಾವ ಬಣ್ಣ?’ ಎಂದು ಕೇಳುತ್ತಾರೆ. ಶಾಸನ ಅದನ್ನು ಹೇಳಿಲ್ಲ.

◆ ಪಕ್ಕದಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅಲ್ಲಿ ರೈಟ್ ಸಹೋದರರ ವಿಮಾನದ ಮಾದರಿಯಿದೆ, ಅಸಲಿನಷ್ಟೇ ದೊಡ್ಡದು. 1903ರ ಡಿಸೆಂಬರ್ 17ರಂದು ಅಸಲು ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ. ಮೂರು ಬಿಎಂಟಿಸಿ ಬಸ್ಸು ಸಾಲಾಗಿ ನಿಂತಷ್ಟು ದೂರ, ಅಷ್ಟೆ. ಹೊರಗೆ ನಿಂತಿರುವ ಜೆಟ್ ‘ಮಾರುತ’. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಯುದ್ಧ ಜೆಟ್, 1961ರಲ್ಲಿ ಮೊದಲು ಹಾರಿದ್ದೂ ನಮ್ಮ ಬೆಂಗಳೂರಿನ ಆಕಾಶದಲ್ಲೇ. 12 ಸೆಕೆಂಡಿನಿಂದ ಜೆಟ್‌ವರೆಗೆ 58 ವರ್ಷ. ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡಬಹುದು.

◆ ಈ ಸಂಗ್ರಹಾಲಯದಲ್ಲಿ 1965ರಲ್ಲಿ ತೆರೆದ ಮೊದಲ ವಿಭಾಗ ಯಾವುದು? ವಿದ್ಯುತ್ತಿನದು. ಬೆಂಗಳೂರಿಗೆ ಅದೇ ಸರಿ. ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು. ಚಿನ್ನಕ್ಕೆ ಮೊದಲು, ಜನಕ್ಕೆ ಆಮೇಲೆ.

◆ ಬಾಲಭವನಕ್ಕೂ ಮುಂಚೆ ಈ ಊರಿನಲ್ಲಿ ಮಕ್ಕಳಿಗೆಂದೇ ಒಂದು ಜಾಗ ಇತ್ತು. ‘ಸರಸ್ವತಿ’ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮ 1938ರಲ್ಲಿ ಕಟ್ಟಿದ ಮಕ್ಕಳ ಕೂಟ. ಚಾಮರಾಜಪೇಟೆಯ ಸರ್ಕಲ್ಲಿಗೆ, ಬಸ್ ನಿಲ್ದಾಣಕ್ಕೆ ಆ ಹೆಸರು ಬಂದದ್ದು ಹಾಗೆ. ‘ಮಕ್ಕಳ ಕೂಟ ಯಾರ್ ಇಳೀತೀರಾ?’ ಎಂದು ಕಂಡಕ್ಟರ್ ಕೂಗಿದಾಗ ಕಲ್ಯಾಣಮ್ಮನವರನ್ನು ನೆನೆಯುವವರು ಈಗ ಎಷ್ಟು ಜನವೋ.

◆ ಜನವರಿಯ ಮೊದಲ ಭಾನುವಾರದ ಆಸುಪಾಸಿನಲ್ಲಿ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಸಂತೆ. ಚಿತ್ರಕಲಾ ಪರಿಷತ್ತು ಇದನ್ನು ಆರಂಭಿಸಿದ್ದು 2003ರಲ್ಲಿ. ಕೊಳ್ಳದಿದ್ದರೂ ಚಿಂತೆಯಿಲ್ಲ, ರಸ್ತೆ ಬದಿ ಕೂತವರ ಮುಂದೆ ಮಗುವನ್ನು ಕೂರಿಸಿ ಮುಖ ಬರೆಸಿಕೊಳ್ಳಿ. ಬೇರೆ ದಿನ ಹೋದರೆ ಪರಿಷತ್ತಿನ ಒಳಗೆ ತೊಗಲುಗೊಂಬೆಗಳ ಸಂಗ್ರಹವಿದೆ. ಹದ ಮಾಡಿದ ತೊಗಲಿನ ಮೂಲಕ ದೀಪದ ಬೆಳಕು ಹಾಯುತ್ತದೆ, ಅದಕ್ಕೇ ಪರದೆಯ ಮೇಲೆ ಬೀಳುವ ನೆರಳಿಗೂ ಬಣ್ಣ. ಕಪ್ಪಲ್ಲದ ನೆರಳು!

◆ ಮುಟ್ಟಬೇಡ, ಸದ್ದು ಮಾಡಬೇಡ ಎಂದು ಹೇಳಿ ಹೇಳಿ ಸಾಕಾಗಿದೆಯೇ? ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್‌ಗೆ ಹೋಗಿ. 2019ರಲ್ಲಿ ಶುರುವಾದ ಈ ಸಂಗೀತ ಸಂಗ್ರಹಾಲಯದ ಅಂಗಳದಲ್ಲಿ ‘ಸೌಂಡ್ ಗಾರ್ಡನ್’ ಇದೆ. ಅಲ್ಲಿರುವುದನ್ನೆಲ್ಲ ಬಡಿಯಬಹುದು, ಉಜ್ಜಬಹುದು. ಬಡಿಯಲೆಂದೇ ಇಟ್ಟಿದ್ದಾರೆ.

◆ ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ. ಮೊಟ್ಟೆ ಇಡುವ ಮುನ್ನ ಎಲೆಯ ಮೇಲೆ ಕಾಲೂರಿ, ಮರಿಗಳು ತಿನ್ನುವ ಎಲೆ ಇದೇ ಹೌದೋ ಎಂದು ಪರೀಕ್ಷಿಸಿಕೊಳ್ಳುತ್ತದೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಮೈಮೇಲೆ ಕನ್ನಡ ಬಾವುಟದ ಹಳದಿ, ಕೆಂಪು ಎರಡೂ ಇವೆ. ಬನ್ನೇರುಘಟ್ಟದ ಚಿಟ್ಟೆ ಪಾರ್ಕು ತೆರೆದದ್ದು 2006ರಲ್ಲಿ, ದೇಶದಲ್ಲಿ ಅಂಥದ್ದು ಅದೇ ಮೊದಲು. ಸಫಾರಿ ಬಸ್ಸಿನ ಅವಸರದಲ್ಲಿ ಎಷ್ಟೋ ಮನೆಯವರು ಇದನ್ನು ನೋಡದೆ ಬರುತ್ತಾರೆ. ನನ್ನ ಕೇಳಿದರೆ ಹುಲಿ ಆಮೇಲೆ, ಚಿಟ್ಟೆ ಮೊದಲು. ಬಿಸಿಲು ಏರುವ ಹೊತ್ತಿಗೆ ಅವು ಚುರುಕಾಗಿರುತ್ತವೆ, ಹುಲಿ ನಿದ್ದೆ ಮಾಡುತ್ತಿರುತ್ತದೆ.

◆ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ, ಹರಡಿರುವುದು ಸುಮಾರು 3 ಎಕರೆ. ‘ಇದರಲ್ಲಿ ಮೊದಲನೇ ಮರ ಯಾವುದು?’ ಎಂದು ಮಕ್ಕಳು ಹುಡುಕುತ್ತಾರೆ. ಅದು ಇಲ್ಲ. ತಾಯಿಕಾಂಡ ರೋಗ ತಗುಲಿ ಎಂದೋ ಸತ್ತಿತು. ನೆಲಕ್ಕಿಳಿದ ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತು ನಿಂತಿವೆ. ಕೋತಿಗಳಿವೆ, ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ನಡೆಯಬೇಡಿ.

◆ ವಾರದ ರಜೆ ನೆನಪಿಡಿ. ಬನ್ನೇರುಘಟ್ಟಕ್ಕೆ ಮಂಗಳವಾರ, ನೆಹರು ತಾರಾಲಯಕ್ಕೆ ಸೋಮವಾರ. ಸೋಮವಾರ, ಮಂಗಳವಾರ ರಜೆ ಹಾಕಿ ಊರು ಸುತ್ತುವ ಜಾಣರಿಗೆ ಈ ಮಾತು. ನಾನೂ ಒಮ್ಮೆ ಆ ಜಾಣತನ ಮಾಡಿ, ಮೂವರು ಮಕ್ಕಳ ಜೊತೆ ಬೀಗ ನೋಡಿಕೊಂಡು ಬಂದಿದ್ದೇನೆ.

◆ ಗವಿಪುರದ ಗಂಗಾಧರೇಶ್ವರ ಗುಹಾಲಯದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗಕ್ಕೆ ಬೀಳುತ್ತದೆ. ಜನಜಂಗುಳಿ ವಿಪರೀತ. ಮಕ್ಕಳ ಎತ್ತರಕ್ಕೆ ಕಾಣುವುದು ಕಷ್ಟ. ಅದೇ ಸೂರ್ಯನ ಇನ್ನೊಂದು ಚಮತ್ಕಾರ ಇದೆ, ನೂಕುನುಗ್ಗಲಿಲ್ಲ, ಟಿಕೆಟ್ಟಿಲ್ಲ, ಮನೆಯ ತಾರಸಿಯೇ ಸಾಕು. ವರ್ಷಕ್ಕೆ ಎರಡು ದಿನ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲಿನಲ್ಲಿ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ನೆಟ್ಟಗೆ ನಿಂತ ಯಾವ ವಸ್ತುವಿಗೂ ಆ ಗಳಿಗೆಯಲ್ಲಿ ನೆರಳೇ ಇಲ್ಲ. ದೆಹಲಿಯಲ್ಲಿರುವ ದೊಡ್ಡಮ್ಮನ ಮಕ್ಕಳಿಗೆ ಈ ಭಾಗ್ಯ ಯಾವತ್ತೂ ಇಲ್ಲ, ಅವರ ಊರು ಕರ್ಕಾಟಕ ವೃತ್ತದಿಂದ ಆಚೆಗಿದೆ. 1989ರಿಂದ ಇರುವ ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನವೊಂದನ್ನು ಮೊದಲೇ ನೋಡಿಸಿದ್ದರೆ ಯಾಕೆ ಹೀಗೆ ಎಂಬುದು ಮಕ್ಕಳಿಗೆ ಇನ್ನೂ ಬೇಗ ಹಿಡಿಯುತ್ತದೆ.

ಆಗಸ್ಟಿನಲ್ಲಿ ಮೋಡ ಕೈಕೊಡಬಹುದು, ಏಪ್ರಿಲ್ ದಿನವೇ ವಾಸಿ. ಸ್ಟೀಲ್ ಲೋಟವೊಂದನ್ನು ಸಮತಟ್ಟಾದ ಜಾಗದಲ್ಲಿ ಬೋರಲು ಹಾಕಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಮಕ್ಕಳಿಗೆ ಹೇಳಿ. ನೆರಳು ಮಾಯವಾಗುವುದು ಮಧ್ಯಾಹ್ನ 12.17ರ ಸುಮಾರಿಗೆ. ಹನ್ನೆರಡಕ್ಕೇ ತಾರಸಿ ಹತ್ತಿ. ಬರಿಗಾಲಲ್ಲಿ ಮಾತ್ರ ಬೇಡ, ಸಿಮೆಂಟು ಸುಡುತ್ತದೆ.